ಟ್ಯಾಂಕಿನ ಮೇಲೆ ನಾಲ್ಕು ಕಡ್ಡಿ

ಮಾರ್ಚ್ 3, ಸೋಮವಾರ

‘ಕೂಗಿದರೆ ಕೇಳುವಷ್ಟೇ ದೂರ ಈ ಲೋಕ’ ಎಂದೋ, ‘ಕೂಗಿದರೂ ಕೇಳದಷ್ಟು ದೂರ’ ಎಂದೋ? ಎಂ.ಎ. ಓದುವಾಗ ಯಾವುದೋ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದ ಸಾಲು. ಪುಸ್ತಕ ಯಾರದೆಂದು ನೆನಪಿಲ್ಲ, ಗೆರೆ ಮಾತ್ರ ನೆನಪಿದೆ. ಬೆಳಿಗ್ಗೆಯಿಂದ ಎರಡನ್ನೂ ನಾಲಿಗೆಯ ಮೇಲೆ ಹೊರಳಿಸಿ ನೋಡುತ್ತಿದ್ದೇನೆ. ಮೊದಲನೆಯದಾದರೆ, ಕೂಗುವವರು ಯಾರು ಎಂದು ಕೇಳಬೇಕಾಗುತ್ತದೆ. ಎರಡನೆಯದಾದರೆ, ನಮ್ಮ ಇಲಾಖೆಯನ್ನೇ ಮುಚ್ಚಬೇಕಾಗುತ್ತದೆ. ಆದ್ದರಿಂದ ಮೊದಲನೆಯದೇ ಇರಲಿ ಎಂದು ಮುನ್ನುಡಿಯ ಆರಂಭಕ್ಕೆ ಹಾಕಿಬಿಟ್ಟೆ.

ದೇಶದ ಐದು ವರ್ಷಗಳ ದೂರಸಂಪರ್ಕ ಯೋಜನೆ ಇದೇ ಇಪ್ಪತ್ತೆಂಟಕ್ಕೆ ಅಚ್ಚಿಗೆ ಹೋಗಬೇಕು. ಫೋನು, ಇಂಟರ್ನೆಟ್ಟು ಇರುವವರಿಗೂ ಇಲ್ಲದವರಿಗೂ ನಡುವೆ ಇರುವ ಕಂದಕವನ್ನು ಮುಚ್ಚುವ ಯೋಜನೆ. ಕಂದಕ ಎಷ್ಟು ಅಗಲ ಎಂದು ಇಂಜಿನಿಯರುಗಳು ಅಳೆಯುತ್ತಾರೆ. ಅದನ್ನು ಓದುವ ಹಾಗೆ ಬರೆಯುವವಳು ನಾನು. ಹತ್ತೊಂಬತ್ತು ವರ್ಷಗಳಿಂದ ಇಲಾಖೆಯ ವರದಿ, ಸುತ್ತೋಲೆ, ಕೈಪಿಡಿ ಎಲ್ಲವೂ ನನ್ನ ಕತ್ತರಿಯಡಿ ಹಾದೇ ಹೊರಗೆ ಹೋಗುವುದು. ನಮ್ಮ ನಿರ್ದೇಶಕರು ನೂರಕ್ಕೆ ಇಷ್ಟು ಎನ್ನದೆ ಬಾಯಿ ತೆರೆಯುವುದಿಲ್ಲ. ಆಫೀಸಿನಲ್ಲಿ ಅವರಿಗೆ ಶೇಕಡಾ ಸಾಹೇಬರು ಎಂದೇ ಹೆಸರು. ಇವತ್ತು ನನ್ನ ಮುನ್ನುಡಿಯ ನಾಲ್ಕು ಪುಟ ಓದಿ, ನೂರಕ್ಕೆ ತೊಂಬತ್ತು ಅರ್ಥವಾಯಿತು, ಉಳಿದ ಹತ್ತು ಕವಿತೆ ಇರಬೇಕು ಎಂದರು. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದೇನೆ.

ಸಂಜೆ ಎದುರು ಬಾಗಿಲಿನ ಹೊಲಿಗೆಯಮ್ಮ ಕೊರಳಿಗೆ ಟೇಪು ಹಾಕಿಕೊಂಡೇ ಬಂದರು. ಅಕ್ಕ ಅವರಿಗೆ ಫೋನ್ ಮಾಡಿದ್ದಳಂತೆ. ನನ್ನ ಫೋನು ಎಂದಿನಂತೆ ಮೇಜುಬಟ್ಟೆಗಳ ಡ್ರಾಯರಿನಲ್ಲಿತ್ತು. ಓದುವಾಗ ಅದು ಕಿರುಚಿದರೆ ಒಂದು ಇಡೀ ಪದ್ಯ ಕೆಟ್ಟುಹೋಗುತ್ತದೆ.

"ದೇಶಕ್ಕೆಲ್ಲ ಫೋನ್ ಕೊಡೋರು ನೀವು. ನಿಮಗೊಂದು ಫೋನ್ ಬಂದ್ರೆ ನಾನು ಮಿಷನ್ ಬಿಟ್ಟು ಎದ್ದು ಬರಬೇಕು" ಎಂದರು.

ಭಾನುವಾರ ಹತ್ತಕ್ಕೆ ಅಕ್ಕ ಟ್ಯಾಂಕಿನ ಮೇಲೆ ಇರುತ್ತಾಳಂತೆ.

ಮಾರ್ಚ್ 9, ಭಾನುವಾರ

ಅಕ್ಕ ಗುಡ್ಡದ ವಾರ್ಡಿನ ಸಣ್ಣ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನರ್ಸು. ಡಾಕ್ಟರಿಲ್ಲದ ಆಸ್ಪತ್ರೆ, ಇರುವುದೆಲ್ಲ ಅವಳೇ. ಆ ವಾರ್ಡಿನಲ್ಲಿ ಫೋನು ಸಿಗುವುದು ಒಂದೇ ಕಡೆ, ನೀರಿನ ಟ್ಯಾಂಕಿನ ನೆತ್ತಿಯ ಮೇಲೆ. ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ. ಐವತ್ತೈದು ವರ್ಷದ ಹೆಂಗಸು ಚಪ್ಪಲಿ ಕೆಳಗೆ ಬಿಟ್ಟು, ಫೋನನ್ನು ಬಾಯಲ್ಲಿ ಕಚ್ಚಿಕೊಂಡು ಹತ್ತುವುದನ್ನು ನೆನೆದರೆ ನಗು ಬರುತ್ತದೆ. ನಮ್ಮ ಮನೆಯಲ್ಲಿ ಇದು ಹಳೆಯ ತಮಾಷೆ. ಅಕ್ಕ ಫೋನ್ ಮಾಡಿದಳು ಎನ್ನುವುದಿಲ್ಲ. ಅಕ್ಕ ಹತ್ತಿದಳು ಎನ್ನುತ್ತೇವೆ.

ಇವತ್ತು ಹತ್ತಕ್ಕೆ ಹತ್ತಿದಳು. ಹೊಸ ಯೋಜನೆಯ ಪ್ರಕಾರ, ಫೋನ್ ಸಿಗದ ವಾರ್ಡುಗಳ ಪಟ್ಟಿಯಲ್ಲಿ ಹೆಸರಿದ್ದರೆ ಟವರ್ ಬರುತ್ತದೆ, ಟವರ್ ಬಂದರೆ ಆಸ್ಪತ್ರೆಗೆ ವಾರಕ್ಕೆ ಮೂರು ದಿನ ಡಾಕ್ಟರು ಪರದೆಯ ಮೇಲೆ ಬರುತ್ತಾರೆ. ಇಲ್ಲದಿದ್ದರೆ ವರ್ಷದ ಕೊನೆಗೆ ಆಸ್ಪತ್ರೆ ಮುಚ್ಚಿ ಪೇಟೆಯ ದೊಡ್ಡಾಸ್ಪತ್ರೆಗೆ ಸೇರಿಸಿಬಿಡುತ್ತಾರೆ. ಪೇಟೆಗೆ ಬಸ್ಸಿನಲ್ಲಿ ಮೂರು ಗಂಟೆ. ಬಸ್ಸಿನಲ್ಲೇ ಹೆರಿಗೆ ಮಾಡಿಸಬೇಕು ಅಂತಿದ್ದರೆ ನನ್ನನ್ನು ಕಂಡಕ್ಟರನ್ನಾಗಿಯಾದರೂ ಮಾಡಲಿ ಎಂದಳು.

"ಪಟ್ಟಿಯಲ್ಲಿ ನಮ್ಮದಿದ್ಯಾ ನೋಡೇ ಪುಟ್ಟೀ" ಎಂದಳು. ಇಟ್ಟಳು. ಒಟ್ಟು ಎರಡೂವರೆ ನಿಮಿಷ.

ಅಕ್ಕನಿಗೆ ಮಾತೆಂದರೆ ವರದಿ. ವಿಷಯ ಒಂದು, ವಿಷಯ ಎರಡು, ಇಡ್ತೀನಿ. ಏನು ಓದುತ್ತಿದ್ದೀಯೆ, ಮನಸ್ಸು ಹೇಗಿದೆ ಎಂದು ಒಂದು ದಿನ ಕೇಳಿದವಳಲ್ಲ. ಅವಳ ಮಾತಿನಲ್ಲಿ ಉಸಿರಾಡಲು ಒಂದು ಅಲ್ಪವಿರಾಮವೂ ಇಲ್ಲ. ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಕೆಲಸ ಮನುಷ್ಯರನ್ನು ಒಣಗಿಸಿಬಿಡುತ್ತದೆ ಎಂದು ಇವರ ಹತ್ತಿರ ಅಂದೆ. ಗಣಿತದ ಮೇಷ್ಟರಾದ ನನ್ನ ಗಂಡ ಉತ್ತರಪತ್ರಿಕೆಯಿಂದ ತಲೆ ಎತ್ತದೆ, ಯಾರ ಕೆಲಸ ಎಂದು ಕೇಳಿದರು. ಅದರ ಅರ್ಥವೇನೋ, ನಾನು ವಿಚಾರಿಸಲಿಲ್ಲ.

ಮಾರ್ಚ್ 11, ಮಂಗಳವಾರ

ಒಳ್ಳೆಯ ಸುದ್ದಿ. ನಕಾಶೆ ಕೋಣೆಗೆ ಹೋಗಿ ಅಕ್ಕನ ವಾರ್ಡು ನೋಡಿದೆ. ಆ ಕೋಣೆಯ ಇಂಜಿನಿಯರನ್ನು ಎಲ್ಲರೂ ನಕಾಶೆಯವರು ಎನ್ನುವುದು. ನಿವೃತ್ತಿಗೆ ಎರಡು ವರ್ಷ ಇದೆ, ಕಿವಿಯ ಮೇಲೆ ಪೆನ್ಸಿಲು. ಮಾತಾಡಿದರೆ ಮುತ್ತು ಉದುರೀತು ಎಂಬಂಥ ಮನುಷ್ಯ. ದೇಶದ ಎರಡು ಸಾವಿರದ ಆರುನೂರ ನಲವತ್ತು ವಾರ್ಡುಗಳೂ ಅವರ ಗೋಡೆಯ ಮೇಲಿವೆ. ಫೋನು ಚೆನ್ನಾಗಿ ಸಿಗುವಲ್ಲಿ ಹಸಿರು, ಸಿಗದಲ್ಲಿ ಕೆಂಪು. ಗೋಡೆಯೆಲ್ಲ ಹುಲ್ಲುಗಾವಲು. ಶೇಕಡಾ ಸಾಹೇಬರ ‘ನೂರಕ್ಕೆ ತೊಂಬತ್ತಾರು’ ಬಂದದ್ದು ಇದರಿಂದಲೇ.

ಗುಡ್ಡದ ವಾರ್ಡು ಹಸಿರಾಗಿತ್ತು. ಫೋನಿನ ಮೂಲೆಯಲ್ಲಿ ನಾಲ್ಕಕ್ಕೆ ನಾಲ್ಕು ಕಡ್ಡಿ ಬರುವಂಥ ಹಸಿರು.

ಪಾಪ, ಅಕ್ಕನಿಗೆ ಗೊತ್ತೇ ಇಲ್ಲ. ಹೊಸ ಫೋನು ಕೊಂಡುಕೋ, ನಿನ್ನದು ಹಳೆಯದಾಗಿರಬೇಕು ಎಂದು ಕಾಗದ ಬರೆದು ಹಾಕಿದೆ. ಕೊನೆಯಲ್ಲಿ ಅಭಿನಂದನೆ ಎಂದೂ ಬರೆದೆ.

ಮಾರ್ಚ್ 16, ಭಾನುವಾರ

ಅಕ್ಕ ಹತ್ತಿದವಳೇ ಮೊದಲ ಅರ್ಧ ನಿಮಿಷ ನಕ್ಕಳು. ಅಷ್ಟು ಎತ್ತರದಲ್ಲಿ ಹಾಗೆ ನಗಬಾರದು ಎಂದೆ.

ಆಮೇಲೆ ಹೇಳಿದಳು. ಎರಡು ವರ್ಷದ ಹಿಂದೆ ಸಮೀಕ್ಷೆಯವರೊಬ್ಬರು ಯಂತ್ರ ಹಿಡಿದು ಬಂದರಂತೆ. ತಲೆ ನರೆತ, ಸಂಭಾವಿತ ಮನುಷ್ಯ. ನೀವೆಲ್ಲ ಎಲ್ಲಿ ನಿಂತು ಫೋನಿನಲ್ಲಿ ಮಾತಾಡ್ತೀರಿ ಎಂದು ಕೇಳಿದರು. ಬಂದವರಿಗೆ ಊರಿನ ಒಳ್ಳೆಯದನ್ನೇ ತೋರಿಸಬೇಕಲ್ಲ, ಇಡೀ ಬೀದಿ ಮೆರವಣಿಗೆಯಲ್ಲಿ ಅವರನ್ನು ಟ್ಯಾಂಕಿಗೆ ಕರೆದುಕೊಂಡು ಹೋಯಿತು. ಅವರಿಗೆ ಎತ್ತರವೆಂದರೆ ತಲೆಸುತ್ತು. ಇಬ್ಬರು ಕಾಲು ಹಿಡಿದರು, ಒಬ್ಬರು ಯಂತ್ರ ಹಿಡಿದರು. ಏಣಿ ಅಲ್ಲಾಡದ ಹಾಗೆ ಕೆಳಗೆ ಒತ್ತಿ ಹಿಡಿದುಕೊಂಡವಳು ಸ್ವತಃ ನನ್ನ ಅಕ್ಕ. ನಾಲ್ಕು ಕಡ್ಡಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಹಾಗೆ ಹಸಿರಾಯಿತು. ಹಸಿರು ವಾರ್ಡಿಗೆ ಟವರ್ ಬೇಡ. ಅಷ್ಟೇ ಅಲ್ಲ, ಶುಕ್ರವಾರ ಅಕ್ಕನಿಗೆ ನೋಟಿಸು ಬಂದಿದೆ. ಟ್ಯಾಂಕಿನ ಮೇಲಿಂದಲೇ ಓದಿದಳು: ಉತ್ತಮ ಸಂಪರ್ಕವಿದ್ದೂ ದಿನದ ವರದಿಯನ್ನು ಕಾಗದದಲ್ಲೇ ಕಳಿಸುತ್ತಿರುವುದರಿಂದ, ಸೌಲಭ್ಯ ಬಳಸದ ಈ ಆಸ್ಪತ್ರೆಯನ್ನು ಜೂನ್ ಕೊನೆಗೇ ಏಕೆ ಮುಚ್ಚಬಾರದು? ಹದಿನೈದು ದಿನದೊಳಗೆ ಉತ್ತರಿಸುವುದು. ಆ ನೋಟಿಸೂ ಕಾಗದದಲ್ಲೇ ಬಂದಿದೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂಥ ದಡ್ಡ ಸಮೀಕ್ಷೆಯವರನ್ನು ಯಾರು ಕಳಿಸಿದರು? ಟ್ಯಾಂಕಿನ ಮೇಲೆ ಯಾರಾದರೂ ಸಂಸಾರ ಮಾಡುತ್ತಾರೆಯೇ? ಮಧ್ಯಾಹ್ನ ಕೂತು ಅವರ ಮೇಲೆ ಒಂದೂವರೆ ಪುಟದ ದೂರು ಬರೆದೆ. ಬಹಳ ದಿನಗಳ ನಂತರ ಗದ್ಯ ಹದವಾಗಿ ಬಂದಿದೆ. ನಾಳೆ ನಕಾಶೆಯವರಿಂದ ಸಮೀಕ್ಷೆಯ ಕೈಪಿಡಿ ತೆಗೆಸಿ, ಯಾವ ನಿಯಮ ಮುರಿದರು ಎಂಬುದನ್ನು ಪುಟಸಂಖ್ಯೆ ಸಮೇತ ಸೇರಿಸಬೇಕು.

ಮಾರ್ಚ್ 17, ಸೋಮವಾರ

ತಲೆನೋವು. ಇವತ್ತು ಬರೆಯುವಂಥದ್ದೇನೂ ಆಗಲಿಲ್ಲ.

ಮಾರ್ಚ್ 18, ಮಂಗಳವಾರ

ನಿನ್ನೆ ಬರೆದದ್ದು ಸುಳ್ಳು.

ಕೈಪಿಡಿ ಕೇಳಿದಾಗ ನಕಾಶೆಯವರು ಕಪಾಟಿನಿಂದ ಎರಡು ಹಾಳೆ ತೆಗೆದು ಪಕ್ಕಪಕ್ಕದಲ್ಲಿ ಇಟ್ಟರು. ಒಂದು, ಕೈಪಿಡಿಗೆ ಅವರೇ ಬರೆದು ಕೊಟ್ಟಿದ್ದ ಕರಡು:

‘ಮನೆಯ ಒಳಗೆ ಹೋಗಿ. ಬಾಗಿಲು ಹಾಕಿ. ಅಳೆಯಿರಿ. ಅಡುಗೆಮನೆಗೆ ಹೋಗಿ. ಮತ್ತೆ ಅಳೆಯಿರಿ. ಹೀಗೆ ಹತ್ತು ಮನೆ. ಸಿಗ್ನಲ್ ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ. ಹುಡುಕಿಕೊಂಡು ಹೊರಗೆ ಹೋಗಬೇಡಿ.’

ಇನ್ನೊಂದು, ಅಚ್ಚಾದ ಪುಟ:

‘ಜನರು ಸಾಮಾನ್ಯವಾಗಿ ಫೋನಿನಲ್ಲಿ ಮಾತನಾಡುವ ಸ್ಥಳದಲ್ಲಿ ಅಳತೆ ತೆಗೆದುಕೊಳ್ಳುವುದು.’

ಕರಡಿನ ಅಂಚಿನಲ್ಲಿ ಕೆಂಪು ಶಾಯಿಯ ದುಂಡು ಅಕ್ಷರ: ‘ಪುನರುಕ್ತಿ. ಸಂಕ್ಷೇಪಿಸಿದೆ.’ ಅಕ್ಷರ ಚೆನ್ನಾಗಿದೆ. ನನ್ನದು.

ಆ ಸಂಭಾವಿತ ಮನುಷ್ಯ ಯಾವ ನಿಯಮವನ್ನೂ ಮುರಿದಿಲ್ಲ. ನನ್ನ ಸಾಲನ್ನು ಶಿರಸಾವಹಿಸಿ, ತಲೆಸುತ್ತಿದ್ದರೂ ನಲವತ್ತೆರಡು ಮೆಟ್ಟಿಲು ಹತ್ತಿದ್ದಾರೆ. ಇಷ್ಟು ವರ್ಷದಲ್ಲಿ ನನ್ನ ಗದ್ಯವನ್ನು ಇಷ್ಟು ಶ್ರದ್ಧೆಯಿಂದ ಓದಿದವರು ಇನ್ನೊಬ್ಬರಿಲ್ಲ. ದೂರಿನ ಒಂದೂವರೆ ಪುಟ ಹರಿದು ಹಾಕಿದೆ.

ನೀವು ಆಗಲೇ ಹೇಳಬಹುದಿತ್ತಲ್ಲ ಎಂದೆ ನಕಾಶೆಯವರಿಗೆ. ಅವರು ಕಿವಿಯ ಪೆನ್ಸಿಲನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು.

"ಹೇಳಿದ್ದೆ ಮೇಡಂ. ಎರಡು ಪುಟ ಬರೆದು ಕೊಟ್ಟಿದ್ದೆ. ಅದನ್ನೂ ನೀವು ಸಂಕ್ಷೇಪಿಸಿದ್ರಿ."

ಮಾರ್ಚ್ 21, ಶುಕ್ರವಾರ

ಮೂರು ದಿನದಿಂದ ನಾನೂ ನಕಾಶೆಯವರೂ ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ ಕೂತು ಸಮೀಕ್ಷೆಯ ನಮೂನೆಗಳನ್ನು ತಿರುವಿಹಾಕುತ್ತಿದ್ದೇವೆ. ಇಂಥ ವಾರ್ಡು ಇದೊಂದೇ ಇರಲಾರದು ಎಂಬುದು ನನ್ನ ಅನುಮಾನ. ಪ್ರತಿ ನಮೂನೆಯ ಕೊನೆಯಲ್ಲಿ ಷರಾ ಎಂದು ಒಂದು ಕಾಲಂ ಇದೆ. ನಿಂತ ಜಾಗ ಯಾವುದೆಂದು ಸಮೀಕ್ಷೆಯವರು ಅಲ್ಲಿ ಪ್ರಾಮಾಣಿಕವಾಗಿ ಬರೆದಿದ್ದಾರೆ. ಅಂಕಿಯಾದರೆ ಕೂಡಿಸಬಹುದು, ಮಾತನ್ನು ಹೇಗೆ ಕೂಡಿಸುವುದು? ಹಾಗಾಗಿ ಆ ಕಾಲಂ ಕಂಪ್ಯೂಟರಿಗೆ ಹೋಗಲೇ ಇಲ್ಲ.

ಕೆಲವನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

‘ಶಾಲೆಯ ಛಾವಣಿ. ತುದಿಗೆ ಹೋಗಬೇಕು. ಹೋದೆ.’

‘ಮರದ ಎರಡನೇ ಕೊಂಬೆ. ಕೂತು ಕೂತು ಕೊಂಬೆ ನುಣುಪಾಗಿದೆ.’

‘ಹೊಳೆಯ ನಡುವಿನ ಬಂಡೆ. ದೋಣಿಯವರು ಕಾದು ನಿಂತಿದ್ದರು. ಮಾತು ಮುಗಿಯುವವರೆಗೆ ಬೇರೆ ಕಡೆ ನೋಡುತ್ತಾರೆ.’

‘ಒಂದು ಮನೆಯ ಕಿಟಕಿಗೆ ಫೋನು ಕಟ್ಟಿಹಾಕಿದ್ದಾರೆ. ಊರಿನವರೆಲ್ಲ ಹೊರಗಿನಿಂದ ಬಗ್ಗಿ ಮಾತಾಡುತ್ತಾರೆ. ಆ ಮನೆಯಾಕೆಗೆ ಎಲ್ಲರ ಗುಟ್ಟೂ ಗೊತ್ತು, ಆದ್ದರಿಂದ ಊರಿನಲ್ಲಿ ಜಗಳವಿಲ್ಲ.’

ಕಿಟಕಿಯದನ್ನು ನಕಾಶೆಯವರಿಗೆ ಓದಿ ಹೇಳಿದಾಗ ಅವರು ನಕ್ಕರು. ಅವರಿಗೆ ಹಲ್ಲಿವೆ ಎಂದು ಇಲಾಖೆಗೆ ಗೊತ್ತಿರಲಾರದು. ಲೈಬ್ರರಿಯಿಂದ ತಂದ ಕವನ ಸಂಕಲನದ ಗಡುವು ಮೊನ್ನೆಯೇ ಮುಗಿದಿದೆ, ತೆರೆದೇ ಇಲ್ಲ.

ಫೋನನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಮೇಜುಬಟ್ಟೆಗಳಿಗೆ ಜಾಗ ಸಾಲುತ್ತಿರಲಿಲ್ಲ.

ಮಾರ್ಚ್ 23, ಭಾನುವಾರ

ಹತ್ತಾಯಿತು. ಹತ್ತೂವರೆಯಾಯಿತು. ಅಕ್ಕ ಹತ್ತಲಿಲ್ಲ. ಬಿಸಿಲಿಗೆ ಏಣಿ ಕಾದಿರಬಹುದು, ಸಂಜೆ ಮಾಡುತ್ತಾಳೆ ಎಂದುಕೊಂಡೆ. ಸಂಜೆಯೂ ಇಲ್ಲ.

ಫೋನನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಿದ್ದೀಯಲ್ಲ, ಮಗುವೇನು ಅದು, ಕೆಳಗಿಡು ಎಂದು ಇವರು ತಮಾಷೆ ಮಾಡಿದರು. ಟೈಮು ನೋಡುತ್ತಿದ್ದೆ ಅಷ್ಟೆ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಹೊಲಿಗೆಯಮ್ಮ ಕರೆದರು. ಅಕ್ಕನ ವಾರ್ಡಿನವರೊಬ್ಬರು ಟ್ಯಾಂಕಿನಿಂದ ಅವರಿಗೆ ಫೋನ್ ಮಾಡಿದ್ದರಂತೆ. ನಿನ್ನೆ ನನಗೆ ಫೋನ್ ಮಾಡಲೆಂದು ಹತ್ತುವಾಗ ಅಕ್ಕ ಆರನೇ ಮೆಟ್ಟಿಲಿನಿಂದ ಜಾರಿದ್ದಾಳೆ. ಮೂಳೆ ಮುರಿದಿಲ್ಲ, ಕಣಕಾಲು ಉಳುಕಿದೆ. ತಂಗಿಗೆ ಹೇಳಬೇಡಿ ಎಂದಿದ್ದಾಳಂತೆ. ಆದ್ದರಿಂದಲೇ ಹೊಲಿಗೆಯಮ್ಮ ತಕ್ಷಣ ಹೇಳಿದರು.

ಮೊಣಕಾಲಿಗೆ ಒಂದು ವರ್ಷದಿಂದ ಪಟ್ಟಿ ಕಟ್ಟಿಕೊಂಡೇ ಹತ್ತುತ್ತಿದ್ದಳಂತೆ. ನನಗೆ ಗೊತ್ತಿರಲಿಲ್ಲ. ಹೊಲಿಗೆಯಮ್ಮನಿಗೆ ಗೊತ್ತಿತ್ತು, ಆ ಪಟ್ಟಿಯನ್ನು ಹೊಲಿದು ಕಳಿಸಿದವರೇ ಅವರು.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತೇನೆ. ನಕಾಶೆಯವರು ಯಂತ್ರ ತೆಗೆದುಕೊಂಡು ತಾವೂ ಬರುತ್ತೇನೆ ಎಂದರು. ಎಷ್ಟು ಷರಾ ತೋರಿಸಿದರೂ ಸಾಹೇಬರಿಗೆ ಅಂಕಿ ಬೇಕು, ಒಂದು ವಾರ್ಡಿನದಾದರೂ.

ಮಾರ್ಚ್ 25, ಮಂಗಳವಾರ

ಬಸ್ಸಿನಲ್ಲಿ ಕೂತೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಅಕ್ಕ ಚಕ್ರದ ಕುರ್ಚಿಯಲ್ಲಿ ಕೂತು, ಉಳುಕಿದ ಕಾಲನ್ನು ಮುಂದೆ ಚಾಚಿ, ಇನ್ನೊಂದು ಕಾಲಿನಿಂದ ನೆಲ ಒದ್ದುಕೊಂಡು ಆಸ್ಪತ್ರೆಯ ತುಂಬ ಓಡಾಡುತ್ತಿದ್ದಳು. ನನ್ನನ್ನು ಕಂಡು ಮೊದಲು ಕೇಳಿದ್ದು, ಆ ಹೊಲಿಗೆಯಮ್ಮ ಹೇಳಿಬಿಟ್ಟರಾ ಎಂದು.

ಮೊದಲ ಮನೆ ಬೀಗ ರಿಪೇರಿ ಮಾಡುವವರದು. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲೇ ತಡೆದು, ಒಳಗೆ ಯಾಕೆ, ಟ್ಯಾಂಕಿಗೆ ಹೋಗೋಣ ಬನ್ನಿ, ಅಲ್ಲಿ ಚೆನ್ನಾಗಿ ಬರುತ್ತದೆ ಎಂದರು. ನಕಾಶೆಯವರು ಒಳಗೆ ಹೋಗಿ ಬಾಗಿಲು ಹಾಕಿದರು. ಸೊನ್ನೆ. ಅಡುಗೆಮನೆಯಲ್ಲಿ ಸೊನ್ನೆ. ಆ ಹೆಣ್ಣುಮಗಳ ಮುಖ, ಮನೆಗೆ ಬಂದವರಿಗೆ ಒಂದು ಲೋಟ ನೀರೂ ಇಲ್ಲವೆಂದು ಹೇಳಬೇಕಾದವಳ ಹಾಗೆ ಆಯಿತು.

"ಬಂದೋರಿಗೆ ಒಂದು ಕಡ್ಡಿನಾದ್ರೂ ತೋರಿಸಬೇಕಿತ್ತು. ಹಿಂದಿನ ಕಿಟಕೀಲಿ ನೋಡಿ, ಮಳೆ ಬಂದ ಮಾರನೇ ದಿನ ಒಂದೊಂದ್ಸಲ ಬರುತ್ತೆ" ಎಂದಳು.

ನಮಗೆ ಸೊನ್ನೆಯೇ ಬೇಕು, ಸೊನ್ನೆ ಹುಡುಕಿಕೊಂಡೇ ಬಂದಿದ್ದೇವೆ ಎಂದೆ. ಅವಳು ಗಂಡನ ಮುಖ ನೋಡಿದಳು. ನಾವು ಎರಡನೇ ಮನೆ ತಲುಪುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಮೂರನೇ ಮನೆಯ ಅಜ್ಜ, ನಮ್ಮಲ್ಲಿ ಅಪ್ಪಟ ಸೊನ್ನೆ, ಹುಟ್ಟಿದಾಗಿನಿಂದ ಒಂದು ಕಡ್ಡಿ ಬಂದಿಲ್ಲ ಎಂದು ಹೆಮ್ಮೆಯಿಂದ ಬರಮಾಡಿಕೊಂಡರು. ಐದನೇ ಮನೆಯಲ್ಲಿ ಯಂತ್ರ ಒಂದು ಕಡ್ಡಿ ತೋರಿಸಿಬಿಟ್ಟಿತು. ಆ ಮನೆಯಾಕೆಗೆ ಆದ ಅವಮಾನ ಹೇಳತೀರದು. ಪಕ್ಕದ ಮನೆಯವರು ಬೇಲಿಯಾಚೆಯಿಂದ, ಅವರ ಮನೆ ಯಾವಾಗಲೂ ಹಾಗೇ ಎಂದರು.

ಹತ್ತು ಮನೆಯಲ್ಲಿ ಒಂಬತ್ತು ಸೊನ್ನೆ.

ಮಧ್ಯಾಹ್ನ ಅಕ್ಕನಿಗೆ ತಿಳಿಸದೆ ಟ್ಯಾಂಕು ಹತ್ತಿದೆ. ನೋಡಬೇಕೆನಿಸಿತು. ಇಪ್ಪತ್ತನೇ ಮೆಟ್ಟಿಲಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಮೇಲೆ ಸಿಮೆಂಟಿನ ಮೇಲೆ ಯಾರೋ ಬಣ್ಣದಲ್ಲಿ ಬರೆದಿದ್ದಾರೆ: ಮೂರು ನಿಮಿಷ ಮಾತ್ರ, ಕೆಳಗೆ ಕಾಯುತ್ತಿದ್ದಾರೆ. ಬಗ್ಗಿ ನೋಡಿದೆ. ಏಣಿಯ ಬುಡದಲ್ಲಿ ಏಳು ಜನ ಸಾಲಾಗಿ ನಿಂತು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ನನಗೆ ಯಾರಿಗೂ ಫೋನ್ ಮಾಡುವುದಿರಲಿಲ್ಲ. ಆದರೂ ನಾಚಿಕೆಯಾಗಿ ಬೇಗ ಬೇಗ ಇಳಿದೆ.

ಹೊರಡುವ ಮುಂಚೆ ಅಕ್ಕನಿಗೆ ಹೇಳಿದೆ, ಆ ಸಾಲು ಕತ್ತರಿಸಿದ್ದು ನಾನು ಎಂದು. ಅವಳು ಕುರ್ಚಿಯನ್ನು ಗೋಡೆಯವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿಂದ ತಿರುಗಿ ಬಂದಳು.

"ನಾನು ಏಣಿ ಹಿಡ್ಕೊಂಡಿದ್ದೆನಲ್ಲೇ. ನಿಂದೊಂದು ಸಾಲು, ನಂದೊಂದು ಏಣಿ. ಅಕ್ಕ ತಂಗಿ ಸೇರ್ಕೊಂಡು ಇಡೀ ಊರನ್ನ ಹಸಿರು ಮಾಡಿಟ್ವಿ" ಎಂದಳು. ಆಮೇಲೆ, "ಸರಿಮಾಡಕ್ಕಾಗುತ್ತಾ ಪುಟ್ಟೀ? ಇಲ್ಲಿ ಮುಂದಿನ ತಿಂಗಳು ಮೂರು ಹೆರಿಗೆ ಇದೆ" ಎಂದಳು.

ಆಗುತ್ತೆ ಎಂದುಬಿಟ್ಟೆ. ಯಾವ ಧೈರ್ಯದ ಮೇಲೆ ಎಂದು ಬಸ್ಸು ಹತ್ತಿದ ಮೇಲೆ ಯೋಚಿಸುತ್ತಿದ್ದೇನೆ. ಪಕ್ಕದಲ್ಲಿ ನಕಾಶೆಯವರು ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಾರೆ.

ಮಾರ್ಚ್ 26, ಬುಧವಾರ

ಒಟ್ಟು ಇನ್ನೂರ ಹನ್ನೊಂದು ವಾರ್ಡುಗಳು. ಟ್ಯಾಂಕು, ಮರ, ಬಂಡೆ, ಛಾವಣಿ, ಒಂದು ಕಡೆ ನಿಂತ ಬಸ್ಸಿನ 'ಟಾಪು'. ಸಾಹೇಬರ ಮುಂದೆ ಇಟ್ಟೆವು. ಅವರು ಕ್ಯಾಲ್ಕುಲೇಟರ್ ಮುಟ್ಟದೆಯೇ ಹೇಳಿದರು, ತೊಂಬತ್ತಾರು ಇದ್ದದ್ದು ಎಂಬತ್ತೆಂಟಾಗುತ್ತದೆ. ತೊಂಬತ್ತಾರು ಎಂದು ಮೇಲಿನವರಿಗೆ ಆಗಲೇ ತಿಳಿಸಿಯಾಗಿದೆ. ಒಂದು ಸಾಲು ಕತ್ತರಿಸಿ ದೇಶವನ್ನು ಎಂಟು ಪರ್ಸೆಂಟ್ ಬೆಳೆಸಿದಿರಲ್ಲ ಮೇಡಂ, ಯಾವ ಯೋಜನೆಯಿಂದಲೂ ಇಷ್ಟು ಬೇಗ ಆಗಿರಲಿಲ್ಲ ಎಂದರು. ಎರಡು ವರ್ಷ ಬಿಟ್ಟು ಪರಿಷ್ಕರಣೆ ಬರುತ್ತದೆ, ಆಗ ನೋಡೋಣ ಎಂದೂ ಅಂದರು.

ಜೂನಿಗೇ ಆಸ್ಪತ್ರೆ ಮುಚ್ಚುತ್ತದೆ ಎಂದೆ. ಯಾರಿರುತ್ತಾರೆ ಅಲ್ಲಿ ಎಂದು ಕೇಳಿದರು. ನನ್ನ ಅಕ್ಕ ಎಂದರೆ ಸ್ವಂತದ ವಿಷಯವಾಗುತ್ತದೆ, ಅನ್ನದಿದ್ದರೆ ಸುಳ್ಳಾಗುತ್ತದೆ. ನನ್ನ ಅಕ್ಕ ಎಂದೆ. ಉಳಿದ ಇನ್ನೂರ ಹತ್ತರಲ್ಲಿ ನನ್ನವರು ಯಾರೂ ಇಲ್ಲ, ಹುಡುಕಿದರೆ ಯಾರದಾದರೂ ಅಕ್ಕಂದಿರು ಸಿಗುತ್ತಾರೆ ಎಂದೆ.

ಸಾಹೇಬರು ಷರಾಗಳನ್ನು ಒಂದೊಂದಾಗಿ ಓದಿದರು. ಹೊಳೆಯ ಬಂಡೆಯ ಹತ್ತಿರ ನಿಂತರು. ಬೇರೆ ಕಡೆ ನೋಡುವ ದೋಣಿಯವರದನ್ನು ಎರಡು ಸಲ ಓದಿದರು.

ಆಮೇಲೆ ಎರಡು ತೊಡಕು ಹೇಳಿದರು. ಪುಸ್ತಕದ ಪುಟಗಳು ನಿಗದಿಯಾಗಿವೆ. ಇನ್ನೂರ ಹನ್ನೊಂದು ಹೆಸರಿಗೆ ನಾಲ್ಕು ಪುಟ ಬೇಕು, ಎಲ್ಲಿಂದ ತರುವುದು? ಎರಡನೆಯದು:

"ಎಂಟು ಪರ್ಸೆಂಟ್ ಎಲ್ಲಿ ಹೋಯ್ತು ಅಂತ ನನ್ನನ್ನ ಕೇಳ್ತಾರೆ ಮೇಡಂ. ನಾನು ಯಾರನ್ನ ತೋರಿಸಲಿ?"

"ನನ್ನನ್ನೇ ತೋರಿಸಿ" ಎಂದೆ. ಬರೆದುಕೊಡಿ ಎಂದರು.

ಮಾರ್ಚ್ 27, ಗುರುವಾರ

ತಪ್ಪೊಪ್ಪಿಗೆ ಬರೆಯಲು ಇಡೀ ಬೆಳಿಗ್ಗೆ ಹಿಡಿಯಿತು. ‘ಕೈಪಿಡಿಯ ಭಾಷಾ ಪರಿಷ್ಕರಣೆಯ ಹಂತದಲ್ಲಿ ಕೆಲವು ಸೂಚನೆಗಳು ಸಂಕ್ಷೇಪಗೊಂಡಿದ್ದರ ಪರಿಣಾಮವಾಗಿ’ ಎಂದು ಶುರುವಾಗಿ ಮುಕ್ಕಾಲು ಪುಟ. ಇವರಿಗೆ ತೋರಿಸಿದೆ. ಓದಿ, ಕನ್ನಡಕ ತೆಗೆದು, "ಚೆನ್ನಾಗಿದೆ. ಆದರೆ ಇದರಲ್ಲಿ ಯಾರೂ ಕಾಣಿಸ್ತಿಲ್ಲವಲ್ಲ. ಎಲ್ಲರೂ ರಜಾ ಹಾಕಿದ್ರಾ?" ಎಂದರು.

ಎರಡನೇ ಸಲ ಬರೆದೆ: ‘ಮನೆಯೊಳಗೆ ಅಳೆಯಬೇಕು ಎಂದು ಇಂಜಿನಿಯರ್ ಬರೆದಿದ್ದರು. ನಾನು ಅದನ್ನು ಕತ್ತರಿಸಿದೆ. ತಪ್ಪು ನನ್ನದು.’ ಸಹಿ. ಓದಿದವರಿಗೆ ನೂರಕ್ಕೆ ನೂರು ಅರ್ಥವಾಗುತ್ತದೆ.

ನಾಲ್ಕು ಪುಟದ ಪ್ರಶ್ನೆಯೂ ಬಗೆಹರಿಯಿತು. ಮುನ್ನುಡಿ ಸರಿಯಾಗಿ ನಾಲ್ಕೇ ಪುಟ ಇತ್ತು. ತೆಗೆದುಬಿಟ್ಟೆ.

ಮಾರ್ಚ್ 28, ಶುಕ್ರವಾರ

ಹೋಯಿತು. ಅಚ್ಚಿಗೆ ಹೋದ ಪಟ್ಟಿಯಲ್ಲಿ ಅಕ್ಕನ ವಾರ್ಡು ನೂರ ನಲವತ್ತನೆಯದು. ಪಟ್ಟಿಯಲ್ಲಿರುವ ವಾರ್ಡುಗಳ ಆಸ್ಪತ್ರೆಗಳ ಮೇಲಿನ ನೋಟಿಸುಗಳನ್ನು ಡಿಸೆಂಬರ್ ಕೊನೆಯವರೆಗೆ ತಡೆಹಿಡಿಯಲಾಗಿದೆ. ಅಷ್ಟರೊಳಗೆ ಟವರ್ ನಿಲ್ಲಬೇಕು. ನಿಲ್ಲದಿದ್ದರೆ ಹಳೆಯ ಕಥೆಯೇ.

ಏಪ್ರಿಲ್ 20, ಭಾನುವಾರ

ಪುಸ್ತಕ ಅಚ್ಚಾಗಿ ಬಂತು. ನೇರ ವಿಷಯಕ್ಕೇ ಬರುತ್ತದೆ. ಪರವಾಗಿಲ್ಲ.

ಕೈಪಿಡಿಗಳ ಕೆಲಸವನ್ನು ನನ್ನಿಂದ ತೆಗೆದು, ನನ್ನನ್ನು ನಕಾಶೆ ಕೋಣೆಗೆ ಹಾಕಿದ್ದಾರೆ. ಹೊಸ ಅಳತೆಗಳ ಷರಾ ಓದಿ ಒಂದೊಂದು ಸಾಲಿನಲ್ಲಿ ಸಾಹೇಬರಿಗೆ ಹೇಳುವ ಕೆಲಸ. ಶಿಕ್ಷೆ ಎಂದು ಎಲ್ಲರೂ ಮರುಗುತ್ತಿದ್ದಾರೆ. ಅವರಿಗೆ ಬೇಜಾರಾಗದಿರಲಿ ಎಂದು ಮುಖ ಸಪ್ಪೆ ಮಾಡಿಕೊಂಡು ಓಡಾಡುತ್ತಿದ್ದೇನೆ.

ಮೂರರಲ್ಲಿ ಎರಡು ಹೆರಿಗೆ ಆಯಿತಂತೆ. ಒಂದು ಹೆಣ್ಣು, ಒಂದು ಗಂಡು. ಅಕ್ಕನ ಕಾಲು ಪೂರಾ ವಾಸಿಯಾಗಿಲ್ಲ, ಆದ್ದರಿಂದ ಸುದ್ದಿ ಬೀಗದವರು ಹತ್ತಿ ಹೇಳಿದರು.

ಡಿಸೆಂಬರ್ 14, ಭಾನುವಾರ

ಟವರ್ ನಿಂತಿದೆ. ಗಡುವಿಗೆ ಇನ್ನೂ ಹದಿನೇಳು ದಿನ ಇದೆ. ಈ ಎಂಟು ತಿಂಗಳಲ್ಲಿ ನಾನು ಬರೆದ ಜ್ಞಾಪನಪತ್ರಗಳು ಇಪ್ಪತ್ತಾರು, ಒಂದೂ ಅರ್ಧ ಪುಟ ದಾಟಿಲ್ಲ. ನಿಮ್ಮ ಕಾಗದ ಬಂದರೆ ಓದದೆ ಬದಿಗಿಡಲು ಆಗುವುದಿಲ್ಲ ಮೇಡಂ, ಅಷ್ಟರಲ್ಲಿ ಓದಿ ಮುಗಿದಿರುತ್ತದೆ ಎಂದು ಸಾಹೇಬರು ಗೊಣಗಿದರು.

ಮೊದಲ ದಿನ ಪರದೆಯ ಮೇಲೆ ಡಾಕ್ಟರ ಹಣೆ ಮಾತ್ರ ಕಾಣಿಸಿತಂತೆ. ಇರಲಿ, ಬುದ್ಧಿ ಇರೋದು ಅಲ್ಲೇ ತಾನೆ ಎಂದರಂತೆ ಸಾಲಿನಲ್ಲಿದ್ದ ಅಜ್ಜ. ಆಸ್ಪತ್ರೆ ಉಳಿಯಿತು. ನೋಟಿಸು ರದ್ದಾದ ಕಾಗದವನ್ನು ಅಕ್ಕ ಓದಿ ಹೇಳಿದಳು, ವಿಷಯ ಮುಗಿಸಿದಳು, ಇಟ್ಟಳು. ಎರಡೂವರೆ ನಿಮಿಷ. ನೆಲದ ಮೇಲೆ ನಿಂತು ಮಾತಾಡಿದರೂ ಅವಳಿಗೆ ಏಣಿಯ ಅಭ್ಯಾಸ ಬಿಟ್ಟಿಲ್ಲ.

ಫೆಬ್ರವರಿ 1, ಭಾನುವಾರ

ಹತ್ತಕ್ಕೆ ಅಕ್ಕನಿಗೆ ಫೋನ್ ಮಾಡಿದೆ. ಬಿಜಿ. ಹತ್ತು ಇಪ್ಪತ್ತಕ್ಕೂ ಬಿಜಿ, ಹತ್ತೂವರೆಗೂ ಬಿಜಿ. ಅವಳು ಯಾರ ಜೊತೆಗೂ ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡಿದವಳೇ ಅಲ್ಲ. ಏನೋ ಆಗಿದೆ, ಯಾವುದೋ ಹೆರಿಗೆ ಕಷ್ಟವಾಗಿದೆ, ಡಾಕ್ಟರ ಹತ್ತಿರ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಟವರ್ ಕೆಟ್ಟಿರಬಹುದೆಂದು ಭಾನುವಾರವೆನ್ನದೆ ನಕಾಶೆಯವರನ್ನೂ ಕೇಳಿದೆ. ಟವರ್ ಚೆನ್ನಾಗಿದೆ, ನೀವು ಕೂತ್ಕೊಳ್ಳಿ ಮೇಡಂ ಎಂದರು. ನಾನು ಬಾಗಿಲಿಗೂ ಮೇಜಿಗೂ ನಡುವೆ ನಡೆಯುವುದನ್ನು ನೋಡಿ ನೋಡಿ ಇವರಿಗೆ ತಲೆಸುತ್ತು ಬಂದಿತ್ತು.

ಹತ್ತೂ ಮುಕ್ಕಾಲಿಗೆ ಬಾಗಿಲು ಬಡಿದ ಸದ್ದು. ಹೊಲಿಗೆಯಮ್ಮ. ಕಿವಿ ಕೆಂಪಗಾಗಿತ್ತು, ಕೈಯಲ್ಲಿ ಫೋನು ಇನ್ನೂ ಬಿಸಿಯಾಗಿತ್ತು.

"ನಿಮ್ಮಕ್ಕ ಫೋನ್ ಮಾಡಿದ್ರು" ಎಂದರು. "ನಿಮಗಲ್ಲ, ನನಗೇ."

ಏನಾಯಿತಂತೆ ಎಂದು ಕೇಳಿದೆ.

"ಏನೂ ಆಗಿಲ್ಲ, ಸುಮ್ನೆ ಮಾಡಿದ್ರು. ವಿಷಯ ಅಂತ ಏನೂ ಇರ್ಲಿಲ್ಲ. ಅದಕ್ಕೇ ಮುಕ್ಕಾಲು ಗಂಟೆ ಹಿಡೀತು."